ರಾಜಾಸೀಟ್‌ಗೆ ಹೊರಡುವ ಮುಂಚೆ ಗಾಡಿಗೆ ಜಾಗ ಗಟ್ಟಿ ಮಾಡಿಕೊಳ್ಳಿ

ಮಡಿಕೇರಿಯ ರಾಜಾಸೀಟ್ ಉದ್ಯಾನಕ್ಕೆ ಬರುವವರಲ್ಲಿ ಜಾಸ್ತಿ ಜನ ಸೂರ್ಯ ಮುಳುಗುವುದನ್ನು ನೋಡಲು ಬರುತ್ತಾರೆ. ಹಾಗಾಗಿ ಎಲ್ಲರೂ ಒಂದೇ ಹೊತ್ತಿಗೆ ಬರುತ್ತಾರೆ. ಎಲ್ಲರಿಗೂ ಉದ್ಯಾನದ ಗೇಟಿನ ಎದುರೇ ಗಾಡಿ ನಿಲ್ಲಿಸುವ ಆಸೆ. ಶನಿವಾರ ಸಂಜೆ ಐದೂವರೆಗೆ ಆ ರಸ್ತೆಯಲ್ಲಿ ನಿಂತು ನೋಡಿ. ಪಶ್ಚಿಮದ ಬೆಟ್ಟಗಳ ಮೇಲೆ ಆಕಾಶ ಕೆಂಪಾಗುತ್ತಿರುತ್ತದೆ. ಮಕ್ಕಳು ಅದನ್ನು ಕಾರಿನ ಕಿಟಕಿಯಿಂದ ನೋಡುತ್ತಿರುತ್ತಾರೆ. ಗಾಡಿ ಓಡಿಸುವವರ ಕಣ್ಣು ಮಾತ್ರ ಮುಂದಿನ ಕಾರಿನ ಬ್ರೇಕ್ ಲೈಟಿನ ಮೇಲೆ. ಅಷ್ಟು ದೂರದಿಂದ ಬಂದವರಿಗೆ ಹೀಗಾಗಬಾರದು. ಅಲ್ಲೇ ಮನೆ ಮಾಡಿಕೊಂಡು ಇರುವವರಿಗೂ ಹೀಗಾಗಬಾರದು.

ಕೊಡಗಿಗೆ ರೈಲಿಲ್ಲ, ವಿಮಾನ ನಿಲ್ದಾಣವೂ ಇಲ್ಲ. ಬರುವವರೆಲ್ಲ ರಸ್ತೆಯಲ್ಲೇ ಬರಬೇಕು. ಮಡಿಕೇರಿ ಪೇಟೆ ಇರುವುದು ಬೆಟ್ಟದ ಮೇಲೆ. ಇಲ್ಲಿ ಸಮತಟ್ಟು ಜಾಗವೇ ಕಮ್ಮಿ. ಏರು, ಇಳಿಜಾರು, ತಿರುವು, ಒಂದು ಬದಿ ಚರಂಡಿ, ಇನ್ನೊಂದು ಬದಿ ಬರೆ (ಗುಡ್ಡ ಕಡಿದ ಕಡಿದಾದ ಮಣ್ಣಿನ ಬದಿ). ಇಂಥ ಕಡೆ ಗೇಟಿನ ಹತ್ತಿರ ಖಾಲಿ ಜಾಗ ಸಿಗುತ್ತದಾ ಎಂದು ಸುತ್ತು ಹೊಡೆದರೆ ಪೆಟ್ರೋಲೂ ಹೋಗುತ್ತದೆ, ಸಂಜೆಯೂ ಹೋಗುತ್ತದೆ.

ಹಾಗಾಗಿ ರಾಜಾಸೀಟ್ ಪಕ್ಕದಲ್ಲಿ ಜಾಗ ಹುಡುಕುವುದನ್ನು ಬಿಡಿ. ಮಡಿಕೇರಿಯಲ್ಲಿ ಎಲ್ಲಾದರೂ ಒಂದು ಒಳ್ಳೆಯ ಜಾಗ ಮೊದಲೇ ಗಟ್ಟಿ ಮಾಡಿಕೊಳ್ಳಿ. ಗಾಡಿ ಅಲ್ಲೇ ಇರಲಿ, ನೀವು ನಡೆದು ಹೋಗಿ. ಕೆಎಸ್‌ಆರ್‌ಟಿಸಿ ಬಸ್ ನಿಲ್ದಾಣದಿಂದ ರಾಜಾಸೀಟ್‌ಗೆ ಹೆಚ್ಚುಕಮ್ಮಿ ಒಂದು ಕಿಲೋಮೀಟರ್. ಏರು ಇದೆ, ಆದರೂ ಇಪ್ಪತ್ತು ನಿಮಿಷದ ನಡಿಗೆ.

ಮೊದಲು ಹೊತ್ತು ನೋಡಿ

ದುಡ್ಡು ಉಳಿಸುವುದಕ್ಕೂ ಜಾಗ ಸಿಗುವುದಕ್ಕೂ ಸುಲಭದ ದಾರಿ ಎಂದರೆ ಜನ ಬಾರದ ಹೊತ್ತಿನಲ್ಲಿ ಬರುವುದು. ರಾಜಾಸೀಟ್ ಸಂಜೆಗೆ ಮಾತ್ರ ಚೆಂದ ಎಂದು ಯಾರು ಹೇಳಿದರೋ ಗೊತ್ತಿಲ್ಲ. ಬೆಳಿಗ್ಗೆ ಏಳು ಗಂಟೆಗೆ ಬನ್ನಿ. ಕಣಿವೆ ತುಂಬ ಮಂಜು ತುಂಬಿಕೊಂಡಿರುತ್ತದೆ, ಬೆಟ್ಟದ ತಲೆಗಳು ಮಾತ್ರ ಮೇಲೆ ಕಾಣುತ್ತವೆ. ಬಿಸಿಲು ಏರಿದ ಹಾಗೆ ಮಂಜು ನಿಧಾನಕ್ಕೆ ಮೇಲೇಳುತ್ತದೆ. ನನ್ನನ್ನು ಕೇಳಿದರೆ ಸಂಜೆಗಿಂತ ಇದೇ ಒಂದು ಕೈ ಮೇಲು. ಆ ಹೊತ್ತಿಗೆ ರಸ್ತೆಯೂ ಖಾಲಿ.

ಸಂಜೆಯೇ ಬೇಕು ಎನ್ನುವವರು ಸೂರ್ಯಾಸ್ತದ ಲೆಕ್ಕ ಇಟ್ಟುಕೊಳ್ಳಿ. ಡಿಸೆಂಬರ್‌ನಲ್ಲಿ 6 ಗಂಟೆ ದಾಟುತ್ತಿದ್ದ ಹಾಗೆ ಸೂರ್ಯ ಮುಳುಗುತ್ತಾನೆ. ಮೇ ತಿಂಗಳಲ್ಲಿ ಅದು 6.45ರ ಆಸುಪಾಸು. ಅದಕ್ಕಿಂತ ಎರಡು ಗಂಟೆ ಮೊದಲೇ ಗಾಡಿ ನಿಲ್ಲಿಸಿ ಆಗಿರಬೇಕು. ಕೊನೆಯ ಒಂದು ಗಂಟೆಯಲ್ಲಿ ಬಂದವರಿಗೆ ಜಾಗ ಸಿಗುವುದು ಕಷ್ಟ.

ವಾರದ ದಿನಗಳಲ್ಲಿ ಸೋಮವಾರದಿಂದ ಗುರುವಾರದವರೆಗೆ ಆರಾಮ. ಶುಕ್ರವಾರ ಮಡಿಕೇರಿ ಸಂತೆ, ಹಳ್ಳಿಗಳಿಂದ ಜನ ಬರುತ್ತಾರೆ, ಪೇಟೆಯೊಳಗೆ ಗಾಡಿ ತರಬೇಡಿ. ಶನಿವಾರ, ಭಾನುವಾರ ಪ್ರವಾಸಿಗರ ದಿನ. ಮೂರು ದಿನ ಒಟ್ಟಿಗೆ ರಜೆ ಬಂದರೆ, ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ, ಜನವರಿಯಲ್ಲಿ ರಾಜಾಸೀಟ್‌ನಲ್ಲೇ ಫಲಪುಷ್ಪ ಪ್ರದರ್ಶನ ನಡೆಯುವ ದಿನಗಳಲ್ಲಿ, ಮುಂದೆ ಹೇಳುವ ವ್ಯವಸ್ಥೆ ಮಾಡಿಕೊಳ್ಳದೆ ಹೊರಡಲೇಬೇಡಿ.

ಉಳಿದುಕೊಳ್ಳುವವರು: ರೂಮಿನ ಜೊತೆಗೇ ಗಾಡಿಯ ಜಾಗ

ಇಲ್ಲಿ ಜಾಗ ಕಾಯ್ದಿರಿಸುವುದು ಎಂದರೆ ಹೆಚ್ಚಾಗಿ ಫೋನಿನಲ್ಲಿ ಮಾತಾಡುವುದು. ರಾತ್ರಿ ಉಳಿಯುವವರಿಗೆ ಅತಿ ಅಗ್ಗದ ಪಾರ್ಕಿಂಗ್ ಅವರ ಲಾಡ್ಜ್ ಅಥವಾ ಹೋಂಸ್ಟೇಯಲ್ಲೇ ಇರುತ್ತದೆ. ಆದರೆ ‘ಪಾರ್ಕಿಂಗ್ ಇದೆ’ ಎಂದು ಬುಕಿಂಗ್ ಆ್ಯಪ್‌ನಲ್ಲಿ ಬರೆದಿರುವುದನ್ನು ನೋಡಿ ಸುಮ್ಮನಾಗಬೇಡಿ. ಹತ್ತು ರೂಮಿನ ಲಾಡ್ಜಿನ ಮುಂದೆ ನಾಲ್ಕೇ ಕಾರು ನಿಲ್ಲುವಷ್ಟು ಜಾಗ ಇದ್ದರೂ ಅದು ‘ಪಾರ್ಕಿಂಗ್ ಇದೆ’ ಎಂದೇ ಆಗುತ್ತದೆ, ಅಲ್ವಾ? ಅಡ್ವಾನ್ಸ್ ಕಳಿಸುವ ಮುಂಚೆ ಫೋನ್ ಮಾಡಿ ಬಿಡಿಸಿ ಕೇಳಿ. ಮಾತು ಹೆಚ್ಚುಕಮ್ಮಿ ಹೀಗಿರಲಿ:

“ನಮಸ್ಕಾರ ಅಕ್ಕ, ಶನಿವಾರಕ್ಕೆ ರೂಮು ಕೇಳಿದ್ದೆವಲ್ಲ. ನಮ್ಮದು ದೊಡ್ಡ ಕಾರು, ಏಳು ಸೀಟಿಂದು. ಗೇಟಿನ ಒಳಗೇ ನಿಲ್ಲಿಸ್ಬೋದಾ?”

“ಒಳಗೆ ಮೂರು ಗಾಡಿ ನಿಲ್ಲುತ್ತೆ. ಮೊದಲು ಬಂದವರಿಗೆ.”

“ನಾವು ಬರೋದು ಮಧ್ಯಾಹ್ನ ಎರಡು ಗಂಟೆ ಆಗುತ್ತೆ. ನಮಗೊಂದು ಜಾಗ ಇಟ್ಟಿರ್ತೀರಾ? ಕಾರ್ ನಂಬರ್ ವಾಟ್ಸ್‌ಆ್ಯಪ್‌ನಲ್ಲಿ ಕಳಿಸ್ತೀನಿ.”

“ಆಯ್ತು, ಕಳಿಸಿ. ಒಂದು ಚೇರ್ ಇಟ್ಟಿರ್ತೀವಿ.”

ಕಾರ್ ನಂಬರ್ ಮತ್ತು ಬರುವ ಹೊತ್ತನ್ನು ಬರಹದಲ್ಲಿ ಕಳಿಸಿ. ಅವರಿಂದ ಒಂದು ‘ಓಕೆ’ ಬಂದರೆ ಸಾಕು, ಅದೇ ನಿಮ್ಮ ಬುಕಿಂಗ್ ಚೀಟಿ. ಹೊರಟ ದಿನ ಕುಶಾಲನಗರ ದಾಟುವಾಗ ಇನ್ನೊಮ್ಮೆ ಫೋನ್ ಮಾಡಿ. ಅಲ್ಲಿಂದ ಮಡಿಕೇರಿಗೆ ಇನ್ನೂ ಸುಮಾರು 30 ಕಿ.ಮೀ. ಇರುತ್ತದೆ. ಅವರು ಜಾಗ ಖಾಲಿ ಮಾಡಿಸಲು ಅಷ್ಟು ಸಮಯ ಸಾಕು. ಮಂಗಳೂರು ಕಡೆಯಿಂದ ಬರುವವರು ಸಂಪಾಜೆಯಲ್ಲೇ ಈ ಕೆಲಸ ಮುಗಿಸಿ, ಘಾಟಿಯಲ್ಲಿ ಫೋನ್ ಸಿಗ್ನಲ್ ನಂಬಿಕೊಳ್ಳಬೇಡಿ.

ಇನ್ನೂ ಮೂರು ಮಾತು ಕೇಳಿಟ್ಟುಕೊಳ್ಳಿ. ಮೊದಲನೆಯದು, ಚೆಕ್‌ಇನ್‌ಗೆ ಮೊದಲೇ ಬಂದರೂ, ಚೆಕ್‌ಔಟ್ ಆದ ಮೇಲೂ ಗಾಡಿ ಅಲ್ಲೇ ಬಿಡಬಹುದಾ? ಇದು ಬಹಳ ಮುಖ್ಯ, ಏಕೆಂದರೆ ಹನ್ನೊಂದಕ್ಕೆ ರೂಮು ಬಿಟ್ಟ ಮೇಲೂ ನಿಮಗೆ ಸಂಜೆಯವರೆಗೆ ಪೇಟೆ ಸುತ್ತುವುದಿರುತ್ತದೆ. ಹೆಚ್ಚಿನ ಕಡೆ ಪ್ರೀತಿಯಿಂದಲೇ ಒಪ್ಪುತ್ತಾರೆ. ಎರಡನೆಯದು, ಗೇಟಿನವರೆಗಿನ ದಾರಿ ಹೇಗಿದೆ? ತೋಟದೊಳಗಿನ ಹೋಂಸ್ಟೇಗಳಿಗೆ ಕೊನೆಯ ತುಂಡು ಮಣ್ಣುದಾರಿ ಇರಬಹುದು, ತಗ್ಗಿನ ಕಾರಿನ ತಳ ತಾಗುತ್ತದೆ. ಮೂರನೆಯದು, ನಮ್ಮ ಕಾರಿನ ಹಿಂದೆ ಬೇರೆ ಕಾರು ನಿಲ್ಲಿಸುತ್ತಾರಾ? ನಿಲ್ಲಿಸುವುದಾದರೆ, ಬೆಳಿಗ್ಗೆ ಬೇಗ ಹೊರಡುವವರು ರಾತ್ರಿಯೇ ಹೇಳಿಡಬೇಕು.

ಉದ್ಯಾನಕ್ಕೆ ತೀರಾ ಹತ್ತಿರ ಇರಬೇಕು ಎನ್ನುವವರಿಗೆ ಕೆಎಸ್‌ಟಿಡಿಸಿಯ (ರಾಜ್ಯ ಪ್ರವಾಸೋದ್ಯಮ ನಿಗಮದ) ಮಯೂರ ವ್ಯಾಲಿ ವ್ಯೂ ಹೋಟೆಲ್ ರಾಜಾಸೀಟ್ ಪಕ್ಕದಲ್ಲೇ ಇದೆ. ಅಲ್ಲಿ ರೂಮು ಸಿಕ್ಕರೆ ಸೂರ್ಯಾಸ್ತಕ್ಕೆ ಗಾಡಿಯ ತಲೆನೋವೇ ಇಲ್ಲ. ವೀಕೆಂಡಿಗೆ ಬೇಕಾದರೆ ಬಹಳ ಮುಂಚೆ ನೋಡಬೇಕು.

ಒಂದೇ ದಿನಕ್ಕೆ ಬಂದು ಹೋಗುವವರು

ಮೈಸೂರಿನಿಂದ ಮಡಿಕೇರಿಗೆ ಸುಮಾರು 120 ಕಿ.ಮೀ. ಬೆಳಿಗ್ಗೆ ಐದೂವರೆಗೆ ಹೊರಟರೆ ಎಂಟೂವರೆ ಒಳಗೆ ಬಂದು ಸೇರಬಹುದು. ಆಗ ಪೇಟೆ ಇನ್ನೂ ಪೂರ್ತಿ ಎದ್ದಿರುವುದಿಲ್ಲ. ಬೆಂಗಳೂರಿನಿಂದ ಬರುವವರು ಎಷ್ಟು ಬೇಗ ಹೊರಟರೂ ಹತ್ತು, ಹನ್ನೊಂದು ಗಂಟೆಯಾಗುತ್ತದೆ. ಅಷ್ಟೊತ್ತಿಗೆ ಒಳ್ಳೆಯ ಜಾಗಗಳು ತುಂಬಿರುತ್ತವೆ.

ಇಂಥವರು ಮಾಡಬೇಕಾದದ್ದು ಇಷ್ಟು. ಮಧ್ಯಾಹ್ನ ಊಟಕ್ಕೆ ಒಂದು ಹೋಟೆಲ್ ಆರಿಸಿಕೊಳ್ಳಿ, ಸ್ವಂತ ಅಂಗಳ ಇರುವಂಥದ್ದು. ಹಿಂದಿನ ದಿನವೇ ಫೋನ್ ಮಾಡಿ: “ನಾವು ಆರು ಜನ ಊಟಕ್ಕೆ ಬರ್ತೀವಿ. ಊಟ ಆದ್ಮೇಲೆ ಸಂಜೆ ಏಳರ ತನಕ ಕಾರು ನಿಮ್ಮಲ್ಲೇ ಬಿಡಬಹುದಾ? ಅದಕ್ಕೆ ಬೇರೆ ಕೊಡೋದಿದ್ರೆ ಹೇಳಿ, ಕೊಡ್ತೀವಿ.” ಹೀಗೆ ಮರ್ಯಾದೆಯಿಂದ ಕೇಳಿದರೆ ಸಿಗುವ ಉತ್ತರವೇ ಬೇರೆ. ಕೇಳದೆ ಬಿಟ್ಟು ಹೋದರೆ ಹೋಟೆಲಿನವರ ಸಂಜೆಯ ವ್ಯಾಪಾರಕ್ಕೆ ಹೊಡೆತ.

ಎರಡನೆಯ ದಾರಿ ದುಡ್ಡು ಕೊಟ್ಟು ನಿಲ್ಲಿಸುವ ಜಾಗಗಳು. ಪೇಟೆಗೆ ಹೊಕ್ಕ ತಕ್ಷಣ, ಮೊದಲು ಸಿಕ್ಕ ಸರಿಯಾದ ಜಾಗದಲ್ಲೇ ನಿಲ್ಲಿಸಿಬಿಡಿ. ಇನ್ನೂ ಹತ್ತಿರ ಸಿಗಬಹುದು ಎಂದು ಮುಂದೆ ಹೋದರೆ ತಿಮ್ಮಯ್ಯ ವೃತ್ತದ ಸಾಲಿನಲ್ಲಿ ಸಿಕ್ಕಿಕೊಳ್ಳುತ್ತೀರಿ. ರಾಜಾಸೀಟ್ ರಸ್ತೆಯಲ್ಲೇ ಗಾಂಧಿ ಮೈದಾನ ಸಿಗುತ್ತದೆ. ಅಲ್ಲಿ ಕಾರ್ಯಕ್ರಮ ಇಲ್ಲದ ದಿನ ಗಾಡಿ ಬಿಡುತ್ತಿದ್ದಾರಾ ಎಂದು ಅಲ್ಲಿರುವ ಪೊಲೀಸರನ್ನೋ ಅಂಗಡಿಯವರನ್ನೋ ಕೇಳಿ. ಬಿಡುತ್ತಿದ್ದರೆ ಅದಕ್ಕಿಂತ ಹತ್ತಿರ ಇನ್ನೊಂದಿಲ್ಲ.

ಮೂರನೆಯದು, ನನಗೆ ಎಲ್ಲಕ್ಕಿಂತ ಇಷ್ಟವಾದದ್ದು: ಗಾಡಿಯನ್ನೇ ತರಬೇಡಿ. ಮೈಸೂರು, ಕುಶಾಲನಗರದಿಂದ ಮಡಿಕೇರಿಗೆ ಬಸ್ಸು ಬೇಕಾದಷ್ಟಿವೆ. ಬಸ್ ನಿಲ್ದಾಣದಲ್ಲಿ ಇಳಿದರೆ ಕೋಟೆ ಎದುರಿಗೇ ಎನ್ನುವಷ್ಟು ಹತ್ತಿರ.

ಒಂದೇ ಜಾಗ, ಒಂದೇ ಸುತ್ತು

ಪಾರ್ಕಿಂಗ್ ಖರ್ಚು ಏರುವುದು ಒಂದೊಂದು ಜಾಗದಲ್ಲೂ ಗಾಡಿ ನಿಲ್ಲಿಸಿ ಒಂದೊಂದು ಚೀಟಿ ಹರಿಸುವುದರಿಂದ. ಮಡಿಕೇರಿ ಪೇಟೆಯಲ್ಲಿ ಅದರ ಅಗತ್ಯವೇ ಇಲ್ಲ. ಕೋಟೆ, ಅದರೊಳಗಿನ ಅರಮನೆ, ಆ ಎರಡು ಕಲ್ಲುಗಾರೆಯ ಆನೆಗಳು, ಹಳೆಯ ಚರ್ಚ್ ಕಟ್ಟಡದಲ್ಲಿರುವ ಮ್ಯೂಸಿಯಂ, ಎಲ್ಲ ಒಂದೇ ಕಡೆ. ಅಲ್ಲಿಂದ ಇಳಿದರೆ 1820ರಲ್ಲಿ ಲಿಂಗರಾಜೇಂದ್ರ ಕಟ್ಟಿಸಿದ ಓಂಕಾರೇಶ್ವರ ದೇವಸ್ಥಾನ, ಎದುರಿಗೆ ಕೊಳ. ಮತ್ತೆ ಮೇಲೆ ಹತ್ತಿ ಪೇಟೆಯಲ್ಲಿ ಕಾಫಿಪುಡಿ, ಕಾಳುಮೆಣಸು ತೆಗೆದುಕೊಂಡು ಸಂಜೆಗೆ ರಾಜಾಸೀಟ್. ಇಷ್ಟಕ್ಕೂ ಒಂದೇ ಪಾರ್ಕಿಂಗ್ ಸಾಕು. ಕಾಲು ನೋವಿನವರು ಇದ್ದರೆ ಮೇಲೆ ಹತ್ತುವ ತುಂಡಿಗೆ ಮಾತ್ರ ಆಟೋ ಹಿಡಿಯಿರಿ, ಹತ್ತುವ ಮುಂಚೆ ಬಾಡಿಗೆ ಮಾತಾಡಿಕೊಳ್ಳಿ.

ಅಬ್ಬಿ ಜಲಪಾತ, ಮಾಂದಲಪಟ್ಟಿ ಪೇಟೆಯ ಹೊರಗೆ. ಅವನ್ನು ಬೇರೆ ದಿನಕ್ಕೆ ಇಟ್ಟುಕೊಳ್ಳಿ, ಇಲ್ಲವೇ ಬೆಳಿಗ್ಗೆಯೇ ಮುಗಿಸಿ ಆಮೇಲೆ ಪೇಟೆಗೆ ಬನ್ನಿ.

ವಯಸ್ಸಾದವರನ್ನು, ಪುಟ್ಟ ಮಕ್ಕಳನ್ನು ರಾಜಾಸೀಟ್ ಗೇಟಿನ ಹತ್ತಿರ ಇಳಿಸಿ ಆಮೇಲೆ ಗಾಡಿ ನಿಲ್ಲಿಸಲು ಹೋಗುವುದು ಸರಿ. ಆದರೆ ಇಳಿಸಿ ಕೂಡಲೇ ಹೊರಡಿ. ಚಪ್ಪಲಿ ಹುಡುಕುವುದು, ಶಾಲು ತೆಗೆಯುವುದು, ನೀರಿನ ಬಾಟಲಿ ಎತ್ತಿಕೊಳ್ಳುವುದು ಎಲ್ಲ ಗೇಟು ಬರುವ ಮುಂಚೆಯೇ ಆಗಿರಲಿ.

ಚೀಟಿ ನೋಡಿ ದುಡ್ಡು ಕೊಡಿ

ಎಲ್ಲಿ ದುಡ್ಡು ಕೊಟ್ಟರೂ ಮುದ್ರಿಸಿದ ಚೀಟಿ ಕೇಳಿ. ಚೀಟಿಯಲ್ಲಿ ಗಾಡಿ ನಂಬರ್, ಬಂದ ಹೊತ್ತು, ದರ ಇರಬೇಕು. ನಗರಸಭೆಯಂಥ ಸ್ಥಳೀಯ ಸಂಸ್ಥೆಯ ಜಾಗವಾಗಿದ್ದರೆ ದರದ ಬೋರ್ಡ್ ಎಲ್ಲಿದೆ ಎಂದು ಕೇಳಿ. ಬೋರ್ಡೂ ಇಲ್ಲ, ಚೀಟಿಯೂ ಇಲ್ಲ, ಕೈ ಬೀಸಿ ‘ಇಲ್ಲಿ ಹಾಕಿ ಸಾರ್’ ಎಂದವರ ಜಾಗದಲ್ಲಿ ನಿಲ್ಲಿಸಬೇಡಿ. ಅದು ಯಾರದೋ ಮನೆಯ ಮುಂದಿನ ರಸ್ತೆಯಾಗಿರಬಹುದು.

ದರ ಗಂಟೆಗೋ, ದಿನಕ್ಕೋ ಕೇಳಿ. ನಾಲ್ಕೈದು ಗಂಟೆ ನಿಲ್ಲಿಸುವುದಾದರೆ ದಿನದ ದರವೇ ಕಮ್ಮಿಗೆ ಬೀಳಬಹುದು. ರಾತ್ರಿ ಗೇಟು ಎಷ್ಟು ಹೊತ್ತಿಗೆ ಹಾಕುತ್ತಾರೆ ಎಂದೂ ಕೇಳಿ. ಸೂರ್ಯಾಸ್ತ ನೋಡಿ, ಊಟ ಮುಗಿಸಿ ಬರುವಾಗ ಗೇಟಿಗೆ ಬೀಗ ಬಿದ್ದಿದ್ದರೆ ಕಷ್ಟ. ಕೀ ಕೊಟ್ಟು ಹೋಗಿ ಎಂದರೆ, ಚೀಟಿ ಕೊಡುವ ಜಾಗದಲ್ಲಿ ಮಾತ್ರ ಕೊಡಿ. ಜೇಬಿನಲ್ಲಿ ಸ್ವಲ್ಪ ಚಿಲ್ಲರೆ ಇರಲಿ. ಮಳೆ, ಗಾಳಿಗೆ ನೆಟ್‌ವರ್ಕ್ ಕೈಕೊಟ್ಟರೆ ಸ್ಕ್ಯಾನರ್ ಮುಂದೆ ಎಲ್ಲರೂ ಸಾಲು ನಿಲ್ಲಬೇಕಾಗುತ್ತದೆ.

ಗಾಡಿ ಬಿಟ್ಟು ಹೊರಡುವ ಮುಂಚೆ ನಾಲ್ಕೂ ಬದಿಯ ಫೋಟೋ ತೆಗೆದುಕೊಳ್ಳಿ. ಮ್ಯಾಪ್‌ನಲ್ಲಿ ಲೊಕೇಶನ್ ಉಳಿಸಿ. ಕತ್ತಲಾಗಿ ಮಂಜು ಇಳಿದರೆ ಇಲ್ಲಿನ ತಿರುವುಗಳೆಲ್ಲ ಒಂದೇ ಥರ ಕಾಣುತ್ತವೆ.

ಇಳಿಜಾರಿನಲ್ಲಿ ಗಾಡಿ ನಿಲ್ಲಿಸುವುದು

ಬಯಲುಸೀಮೆಯಿಂದ ಬರುವವರು ದಯವಿಟ್ಟು ಇದನ್ನು ಗಮನವಿಟ್ಟು ಓದಿ. ಇಲ್ಲಿ ಅಗ್ಗದ ಜಾಗ ಎಂದರೆ ಹೆಚ್ಚಾಗಿ ಇಳಿಜಾರಿನ ಜಾಗ.

ಗಾಡಿ ನಿಲ್ಲಿಸಿ, ಕಾಲು ಬ್ರೇಕಿನ ಮೇಲೆ ಇರುವಾಗಲೇ ಹ್ಯಾಂಡ್‌ಬ್ರೇಕ್ ಪೂರ್ತಿ ಎಳೆಯಿರಿ. ಮುಖ ಏರಿನ ಕಡೆ ಇದ್ದರೆ ಫಸ್ಟ್ ಗೇರ್, ಇಳಿಜಾರಿನ ಕಡೆ ಇದ್ದರೆ ರಿವರ್ಸ್ ಗೇರ್ ಹಾಕಿ ಎಂಜಿನ್ ಆರಿಸಿ. ಆಟೊಮ್ಯಾಟಿಕ್ ಗಾಡಿಯಾದರೆ ಮೊದಲು ಹ್ಯಾಂಡ್‌ಬ್ರೇಕ್, ಆಮೇಲೆ ‘ಪಿ’. ಉಲ್ಟಾ ಮಾಡಿದರೆ ಗಾಡಿಯ ಭಾರವೆಲ್ಲ ಗೇರಿನ ಮೇಲೆ ಕೂರುತ್ತದೆ, ಮತ್ತೆ ತೆಗೆಯುವಾಗ ಎಳೆದಾಡಬೇಕು.

ಮುಂದಿನ ಚಕ್ರ ತಿರುಗಿಸಿಡಿ. ರಸ್ತೆಯ ಎಡಬದಿಯಲ್ಲಿ ಇಳಿಜಾರಿಗೆ ಮುಖ ಮಾಡಿ ನಿಂತಿದ್ದರೆ ಚಕ್ರ ಎಡಕ್ಕೆ ತಿರುಗಿರಲಿ. ಏರಿಗೆ ಮುಖ ಮಾಡಿದ್ದು, ಬದಿಯಲ್ಲಿ ಎತ್ತರದ ಅಂಚುಕಲ್ಲು ಇದ್ದರೆ ಚಕ್ರ ಬಲಕ್ಕೆ. ಗಾಡಿ ಹಿಂದೆ ಜಾರಿದರೂ ಟೈರು ಕಲ್ಲಿಗೆ ತಾಗಿ ನಿಲ್ಲುತ್ತದೆ. ಅಂಚುಕಲ್ಲೇ ಇಲ್ಲದ ಕಡೆ ಎಡಕ್ಕೇ ತಿರುಗಿಸಿ. ಏನೇ ಆದರೂ ಗಾಡಿ ರಸ್ತೆಯ ನಡುವಿಗೆ ಬರಬಾರದು, ಅದೇ ಲೆಕ್ಕ.

ಚಕ್ರಕ್ಕೆ ಒಂದು ಕಲ್ಲು ಕೊಡುವುದು ಒಳ್ಳೆಯದು. ಆದರೆ ಹೊರಡುವಾಗ ಆ ಕಲ್ಲನ್ನು ಎತ್ತಿ ಬದಿಗೆ ಹಾಕಲೇಬೇಕು. ರಸ್ತೆಯಲ್ಲಿ ಬಿಟ್ಟ ಕಲ್ಲು ಮಂಜಿನಲ್ಲಿ ಬೈಕ್‌ನವರಿಗೆ ಕಾಣುವುದಿಲ್ಲ. ರಾತ್ರಿ ಕೆಲಸ ಮುಗಿಸಿ ಮನೆಗೆ ಹೋಗುವವರು ಅದೇ ರಸ್ತೆಯಲ್ಲಿ ಹೋಗುತ್ತಾರೆ.

ಎಡಬದಿಗೆ ಒತ್ತಿ ನಿಲ್ಲಿಸುವಾಗ ಯಾರಾದರೂ ಕೆಳಗಿಳಿದು ಚರಂಡಿ ನೋಡಿ ಹೇಳಲಿ. ಹುಲ್ಲು ಬೆಳೆದು ಚರಂಡಿ ಮುಚ್ಚಿಕೊಂಡಿರುತ್ತದೆ. ಚಕ್ರ ಒಮ್ಮೆ ಇಳಿದರೆ ನಾಲ್ಕು ಜನ ಸೇರಿ ಎತ್ತಬೇಕು.

ಮಳೆಗಾಲದಲ್ಲಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜನ ಕಮ್ಮಿ, ಜಾಗ ಸಿಗುತ್ತದೆ. ಆದರೆ ಎಲ್ಲಿ ನಿಲ್ಲಿಸುತ್ತೀರಿ ಎನ್ನುವುದು ಆಗಲೇ ಹೆಚ್ಚು ಮುಖ್ಯ. ಬರೆ ಬದಿಯಲ್ಲಿ ಗಾಡಿ ನಿಲ್ಲಿಸಬೇಡಿ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಜರಿದದ್ದನ್ನು ಇಲ್ಲಿ ಯಾರೂ ಮರೆತಿಲ್ಲ. ದೊಡ್ಡ ಕುಸಿತವೇ ಆಗಬೇಕೆಂದಿಲ್ಲ, ನೆನೆದ ಬರೆಯಿಂದ ಒಂದು ಬುಟ್ಟಿ ಮಣ್ಣು, ಒಂದು ಕಲ್ಲು ಬಿದ್ದರೂ ಗಾಜು ಹೋಗುತ್ತದೆ. ದೊಡ್ಡ ಮರದ ಕೆಳಗೆ, ವಿದ್ಯುತ್ ತಂತಿಯ ಕೆಳಗೆ ಬೇಡ. ಗಾಳಿಗೆ ಸಿಲ್ವರ್ ಓಕ್ ಕೊಂಬೆಗಳು ಸುಲಭವಾಗಿ ಮುರಿಯುತ್ತವೆ. ಡಾಂಬರಿನಿಂದ ಮಣ್ಣಿಗೆ ಪೂರ್ತಿ ಇಳಿಸಬೇಡಿ, ಹೂತುಹೋಗುತ್ತದೆ.

ಎರಡು ಮೂರು ದಿನ ಗಾಡಿ ತೆಗೆಯುವುದಿಲ್ಲವಾದರೆ, ಸಮತಟ್ಟಾದ ಜಾಗ ಸಿಕ್ಕಿದ್ದರೆ, ಹ್ಯಾಂಡ್‌ಬ್ರೇಕ್ ಎಳೆಯದೆ ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಈ ತೇವಕ್ಕೆ ಹಿಂದಿನ ಬ್ರೇಕ್ ಕಚ್ಚಿಕೊಳ್ಳುತ್ತದೆ.

ಎಲ್ಲಿ ನಿಲ್ಲಿಸಲೇಬಾರದು

ತಿರುವಿನಲ್ಲಿ, ಏರಿನ ತುದಿಯಲ್ಲಿ, ಸೇತುವೆ ಮೇಲೆ, ಫುಟ್‌ಪಾತಿನಲ್ಲಿ, ಬಸ್ ನಿಲ್ಲುವಲ್ಲಿ, ಆಸ್ಪತ್ರೆ, ಶಾಲೆಯ ಗೇಟಿನ ಹತ್ತಿರ ನಿಲ್ಲಿಸುವುದು ನಿಯಮಕ್ಕೆ ವಿರುದ್ಧ. ರಾಜಾಸೀಟ್ ಪಕ್ಕದಲ್ಲೇ ಕುಂದುರುಮೊಟ್ಟೆ ಚೌಟಿ ಮಾರಿಯಮ್ಮನ ದೇವಸ್ಥಾನ ಇದೆ, ಅದರ ದಾರಿ ಬಿಟ್ಟುಕೊಡಿ. ಸುತ್ತಲ ಮನೆಗಳ ಗೇಟಿಗೆ ‘ಐದೇ ನಿಮಿಷ’ ಎಂದು ಅಡ್ಡ ನಿಲ್ಲಿಸಬೇಡಿ. ಒಳಗೆ ಡಯಾಲಿಸಿಸ್‌ಗೆ ಹೋಗಬೇಕಾದವರೋ, ಹೆರಿಗೆ ದಿನ ತುಂಬಿದವರೋ ಇರಬಹುದು. ಇಂಥ ಇಕ್ಕಟ್ಟಿನ ರಸ್ತೆಯಲ್ಲಿ ಒಂದು ಕಾರು ಅಡ್ಡ ನಿಂತರೆ ಆಂಬುಲೆನ್ಸಿಗೆ ಬೇರೆ ದಾರಿಯೇ ಇರುವುದಿಲ್ಲ.

ಗಾಡಿ ನಿಲ್ಲಿಸುವ ಬದಿ ದಿನ ಬಿಟ್ಟು ದಿನ ಬದಲಾಗುತ್ತದೆ ಎಂಬ ಬೋರ್ಡ್ ರಸ್ತೆಯಲ್ಲಿ ಇದ್ದರೆ, ತಾರೀಕು ನೋಡಿ ನಿಲ್ಲಿಸಿ.

1988ರ ಮೋಟಾರು ವಾಹನ ಕಾಯ್ದೆಯ 127ನೇ ಸೆಕ್ಷನ್ ಗೊತ್ತಿರಲಿ. ನಿಷೇಧವಿರುವ ಜಾಗದಲ್ಲಿ ನಿಂತ ಗಾಡಿಯನ್ನಷ್ಟೇ ಅಲ್ಲ, ಸಾರ್ವಜನಿಕ ಜಾಗದಲ್ಲಿ 10 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ಹೊತ್ತು ಯಾರೂ ಇಲ್ಲದೆ ನಿಂತ ಗಾಡಿಯನ್ನೂ ಎಳೆಸಲು, ಚಕ್ರಕ್ಕೆ ಲಾಕ್ ಹಾಕಿಸಲು ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿಗೆ ಅಧಿಕಾರ ಇದೆ. ಎಳೆದ ಖರ್ಚು ಗಾಡಿಯವರದೇ, ದಂಡ ಬೇರೆ. ಅಂದರೆ ಲಾಡ್ಜಿನಲ್ಲಿ ಮಲಗಿ ಕಾರನ್ನು ರಾತ್ರಿಯಿಡೀ ರಸ್ತೆ ಬದಿ ಬಿಡುವುದು ಅಗ್ಗದ ದಾರಿ ಅಲ್ಲವೇ ಅಲ್ಲ.

ಟಿಟಿ (ಟೆಂಪೋ ಟ್ರಾವೆಲರ್), ಬಸ್ಸಿನಲ್ಲಿ ಬರುವ ತಂಡಗಳು

ಶಾಲೆಯ ಪ್ರವಾಸ, ಮದುವೆ ದಿಬ್ಬಣದ ಬಸ್ಸುಗಳಿಗೆ ರಾಜಾಸೀಟ್ ಮುಂದೆ ತಿರುಗಿಸುವುದೇ ಕಷ್ಟ. ಜನರನ್ನು ಇಳಿಸಿ ಬಸ್ಸು ಪೇಟೆಯ ಹೊರಗೆ ಹೋಗಿ ನಿಲ್ಲಲಿ. ಹತ್ತಿಸಿಕೊಳ್ಳುವ ಜಾಗ, ಹೊತ್ತು ಎರಡನ್ನೂ ಡ್ರೈವರ್ ಜೊತೆ ಮೊದಲೇ ನಿಗದಿ ಮಾಡಿ. ಡ್ರೈವರಣ್ಣನ ಊಟ, ಕಾಫಿಗೆ ದುಡ್ಡು ಕೊಟ್ಟೇ ಕಳಿಸಿ. ನೀವು ಉದ್ಯಾನದಲ್ಲಿ ಇರುವಷ್ಟು ಹೊತ್ತೂ ಅವರು ಗಾಡಿ ಬಿಟ್ಟು ಹೋಗುವ ಹಾಗಿಲ್ಲ.

ದಸರಾ ದಿನಗಳು

ಮಡಿಕೇರಿ ದಸರಾಕ್ಕೆ ಬರುವವರು ಇದುವರೆಗೆ ಹೇಳಿದ್ದನ್ನೆಲ್ಲ ಬದಿಗಿಡಿ. ಗಾಂಧಿ ಮೈದಾನದಲ್ಲಿ ಸಾಂಸ್ಕೃತಿಕ ಕಾರ್ಯಕ್ರಮ ನಡೆಯುತ್ತಿರುತ್ತದೆ. ವಿಜಯದಶಮಿ ರಾತ್ರಿ ಹತ್ತು ಮಂಟಪಗಳು (ದೇವರ ಕಥೆಯ ದೃಶ್ಯ ಹೊತ್ತ ಅಲಂಕೃತ ವಾಹನಗಳು) ಬೆಳಗಾಗುವವರೆಗೆ ಪೇಟೆಯಲ್ಲಿ ಸಾಗುತ್ತವೆ, ರಸ್ತೆ ತುಂಬ ಜನ. ಗಾಡಿ ಎಲ್ಲಿ ಬಿಡಬೇಕು, ಯಾವ ರಸ್ತೆ ಬಂದ್ ಎಂಬುದನ್ನು ಆಡಳಿತ ಮತ್ತು ಪೊಲೀಸರು ಮೊದಲೇ ತಿಳಿಸುತ್ತಾರೆ. ಇಲ್ಲಿನ ‘ಶಕ್ತಿ’ ದಿನಪತ್ರಿಕೆಯಲ್ಲಿ ನೋಡಿಕೊಳ್ಳಿ. ಪೇಟೆಯ ಹೊರಗೇ ಬಿಟ್ಟು, ಸ್ವೆಟರ್ ಹಾಕಿಕೊಂಡು ನಡೆದು ಬನ್ನಿ. ಆ ರಾತ್ರಿ ಒಳಗೆ ಸಿಕ್ಕಿಕೊಂಡ ಗಾಡಿ ಬೆಳಿಗ್ಗೆಯವರೆಗೆ ಹೊರಬರುವುದಿಲ್ಲ.

ಹೊರಡುವಾಗ

ಸೂರ್ಯ ಮುಳುಗಿದ ಕೂಡಲೇ ಎಲ್ಲರೂ ಒಟ್ಟಿಗೆ ಹೊರಡುತ್ತಾರೆ. ಅರ್ಧ ಗಂಟೆ ತಡೆದು ಹೊರಡಿ. ಪೇಟೆಗೆ ಇಳಿದು ಒಂದು ಕಾಫಿ ಕುಡಿಯುವಷ್ಟರಲ್ಲಿ ಸಾಲು ಕರಗಿರುತ್ತದೆ.

ನಿಮ್ಮ ಗಾಡಿಗೆ ಯಾರೋ ಅಡ್ಡ ನಿಲ್ಲಿಸಿ ಹೋಗಿದ್ದರೆ ಮೊದಲು ಗಾಜಿನ ಮೇಲೆ ಫೋನ್ ನಂಬರ್ ಬರೆದಿದೆಯಾ ನೋಡಿ. ಇಲ್ಲವಾದರೆ ಪಕ್ಕದ ಅಂಗಡಿಯಲ್ಲಿ ಕೇಳಿ, ಊರಿನ ಗಾಡಿಯಾದರೆ ಅವರಿಗೆ ಗೊತ್ತಿರುತ್ತದೆ. ಆಗಲೂ ಆಗದಿದ್ದರೆ 112ಕ್ಕೆ ಫೋನ್ ಮಾಡಿ, ಅಡ್ಡ ನಿಂತ ಗಾಡಿಯ ನಂಬರ್, ರಸ್ತೆಯ ಹೆಸರು, ಹತ್ತಿರದ ಅಂಗಡಿಯ ಬೋರ್ಡಿನಲ್ಲಿರುವ ಹೆಸರು ಹೇಳಿ. ನಿಮ್ಮ ನಂಬರನ್ನೂ ಒಂದು ಚೀಟಿಯಲ್ಲಿ ದಪ್ಪಕ್ಷರದಲ್ಲಿ ಬರೆದು, ಗಾಜಿನ ಒಳಗೆ ಹೊರಗಿನವರಿಗೆ ಕಾಣುವ ಹಾಗೆ ಇಟ್ಟಿರಿ.